ಬೇಕರಿಯಮ್ಮ ಹೇಳಿದ ಸಾಕ್ಷಿ

ಬೇಕರಿಯಮ್ಮನಿಗೆ ಚಿಕ್ಕಂದಿನಿಂದಲೂ ಒಂದು ಚಾಳಿ: ತಲೆಗೆ ಪ್ರಶ್ನೆಯೊಂದು ಹೊಕ್ಕರೆ ಉತ್ತರ ಸಿಗುವ ತನಕ ಊಟ ಸೇರುತ್ತಿರಲಿಲ್ಲ. ಮದುವೆಯ ದಿನ ಪಾಸ್ಟರನ್ನೇ ತಡೆದು, "ಉಂಗುರ ಈ ಬೆರಳಿಗೇ ಯಾಕೆ?" ಎಂದು ಕೇಳಿದವಳು. "ಅವತ್ತೇ ಓಡಿಹೋಗಬೇಕಿತ್ತು" ಎಂದು ಗಂಡ ಈಗಲೂ ನಗುತ್ತಾನೆ.

ಅವಳ ಬೇಕರಿಯಲ್ಲಿ ಮೊದಲೆಲ್ಲ ನೊಣ ಹೊಡೆಯುವುದೇ ಕೆಲಸ. ವ್ಯಾಪಾರವೆಲ್ಲ ರಸ್ತೆಯಾಚೆಯ ಬೇಕರಿಗೆ. ಅದರ ಯಜಮಾನನನ್ನು ಊರೇ ದೊಡ್ಡಣ್ಣ ಎನ್ನುತ್ತಿತ್ತು. ಅವಳಿಗೂ ಅವನಿಗೂ ಒಂದೇ ಚರ್ಚು. ಆಮೇಲೆ ರಸ್ತೆ ಅಗಲ ಮಾಡಿದರು, ಬಸ್ ನಿಲ್ದಾಣ ಆ ಬದಿಯಿಂದ ಈ ಬದಿಗೆ ಬಂತು. ಬಸ್ಸಿಗೆ ಕಾಯುವವರೆಲ್ಲರ ಕೈಯಲ್ಲೂ ಅವಳ ಬನ್ನು! ಹೊಸ ಓವನ್ ಬಂತು, ಗಾಜಿನ ಕಪಾಟು ಬಂತು, ಬಾಗಿಲ ಮೇಲೆ ಮಿನುಗುವ ಬೋರ್ಡೂ ಬಂತು. ದೊಡ್ಡಣ್ಣ ಅಂಗಡಿ ಮುಚ್ಚಿ, ಆಸ್ಪತ್ರೆಯ ಅಡುಗೆಮನೆಯಲ್ಲಿ ಬ್ರೆಡ್ ಮಾಡುವ ಕೆಲಸಕ್ಕೆ ಸೇರಿದ.

ಹೊಸದಾಗಿ ಬಂದಿದ್ದ ಪಾಸ್ಟರ್ ಚುರುಕಿನ ಮನುಷ್ಯ. ನಂಬಿದವರು ಬಾಳಿನಲ್ಲಿ ಗೆದ್ದೇ ಗೆಲ್ಲುತ್ತಾರೆ ಎಂಬುದು ಅವರ ಬೋಧನೆ.

"ಅಮ್ಮಾ, ಭಾನುವಾರ ಚರ್ಚಲ್ಲಿ ಎಲ್ಲರ ಮುಂದೆ ನಿಂತು ನೀವು ಸಾಕ್ಷಿ ಹೇಳಿ. ಪ್ರಾರ್ಥನೆಯಿಂದ ನಿಮ್ಮ ಬೇಕರಿ ಹೇಗೆ ಮೇಲೆ ಬಂತು ಅಂತ. ನಾಲ್ಕು ಜನಕ್ಕೆ ಧೈರ್ಯ ಬರುತ್ತೆ."

ಬೇಕರಿಯಮ್ಮ ಹಿಗ್ಗಿಹೋದಳು. ಆದರೆ ಮರುದಿನ ಹಿಟ್ಟು ನಾದುವಾಗ ತಲೆಯಲ್ಲಿ ಹುಳ ಕೊರೆಯತೊಡಗಿತು. ತಾನು ಪ್ರಾರ್ಥಿಸಿದ್ದು ನಿಜ. ಪಕ್ಕದಲ್ಲೇ ಮೊಣಕಾಲೂರಿ ದೊಡ್ಡಣ್ಣನೂ ಪ್ರಾರ್ಥಿಸುತ್ತಿದ್ದನಲ್ಲ?

"ಕಾಗೆ ಕೂತಿತು, ಕೊಂಬೆ ಮುರೀತು. ಬಿಡೇ ಅತ್ಲಾಗೆ," ಎಂದ ಗಂಡ.

"ಹಾಗಾದ್ರೆ ಏನಂತ ಸಾಕ್ಷಿ ಹೇಳ್ಲಿ? ಕಾಗೆ ಬಗ್ಗೆನಾ?"

ಸಂಜೆ ಅವಳು ಆಸ್ಪತ್ರೆಗೇ ಹೋದಳು. ದೊಡ್ಡಣ್ಣ ಬಿಸಿ ತಟ್ಟೆಗಳಿಂದ ಬ್ರೆಡ್ ತೆಗೆದು ಜೋಡಿಸುತ್ತಿದ್ದ.

"ದೊಡ್ಡಣ್ಣ, ತಪ್ಪು ತಿಳೀಬೇಡಿ. ನೀವೂ ಅಂಗಡಿಗಾಗಿ ಪ್ರಾರ್ಥನೆ ಮಾಡಿದ್ರಿ ತಾನೆ?"

"ಮಾಡದೇ ಇರ್ತೀನಾ?"

"ಮತ್ತೆ ದೇವರು ನನ್ನ ಮಾತು ಕೇಳಿ, ನಿಮ್ಮದು ಯಾಕೆ ಕೇಳಲಿಲ್ಲ?"

ಅವನು ಸಿಟ್ಟಾಗಲಿಲ್ಲ. ಕೈಯ ಹಿಟ್ಟು ಒರೆಸಿಕೊಂಡ. "ಅಂಗಡಿ ಮುಚ್ಚಿದ ವಾರ, ದೇವರ ಹತ್ರ ಜಗಳ ಆಡೋಕೇ ಚರ್ಚಿಗೆ ಬಂದೆ, ತಂಗಿ. ಬಾಯಿಗೆ ಬಂದದ್ದೆಲ್ಲ ಅಂದೆ. ಉತ್ತರ ಬರಲಿಲ್ಲ. ಆದರೆ ಎದ್ದು ಹೋಗೋಕೂ ಮನಸ್ಸಾಗಲಿಲ್ಲ. ಯಾರೋ ಕೈ ಹಿಡ್ಕೊಂಡು ಕೂತ ಹಾಗಿತ್ತು. ಅಂಗಡಿ ಚೆನ್ನಾಗಿ ನಡೀತಿದ್ದಾಗ ಹಾಗೆ ಯಾವತ್ತೂ ಅನ್ನಿಸಿರಲಿಲ್ಲ."

"ಇದನ್ನ ಚರ್ಚಲ್ಲಿ ಯಾಕೆ ಹೇಳಲಿಲ್ಲ?"

"ಸೋತವನ ಹತ್ರ ಸಾಕ್ಷಿ ಯಾರು ಕೇಳ್ತಾರೆ?"

ಭಾನುವಾರ ಬೇಕರಿಯಮ್ಮ ಮೈಕಿನ ಮುಂದೆ ನಿಂತಳು. "ನನ್ನ ವ್ಯಾಪಾರ ಕುದುರಿದ್ದು ಬಸ್ ಸ್ಟಾಪಿಂದ," ಎಂದಳು. ಜನ ಗೊಳ್ಳೆಂದು ನಕ್ಕರು. ಪಾಸ್ಟರ್ ನಗಲಿಲ್ಲ. "ಅದನ್ನ ದೇವರೇ ಕೊಟ್ಟಿರಬಹುದು, ನಾನು ದಿನಾ ಕೈ ಮುಗೀತೀನಿ. ಆದರೆ ದೊಡ್ಡಣ್ಣನ ಬಾಗಿಲಿಂದ ಕಿತ್ತು ನನಗೆ ಕೊಟ್ಟ ಅಂತ ಹೇಳೋಕೆ ನಾಲಿಗೆ ಬರಲ್ಲ. ಅವರ ಹತ್ರ ನನಗಿಂತ ದೊಡ್ಡ ಸಾಕ್ಷಿ ಇದೆ. ಅವರು ಒಪ್ಪಿದ್ರೆ ಕೇಳಿ."

ದೊಡ್ಡಣ್ಣ ನಾಚಿ ಎದ್ದು, ಅಡುಗೆಮನೆಯಲ್ಲಿ ಹೇಳಿದ್ದನ್ನೇ ಹೇಳಿದ. ಹಿಂದಿನ ಸಾಲಿನಲ್ಲಿ ಕೆಲಸ ಕಳೆದುಕೊಂಡಿದ್ದ ಡ್ರೈವರೊಬ್ಬ ಬಿಕ್ಕಿ ಬಿಕ್ಕಿ ಅತ್ತ.

ಪಾಸ್ಟರ್ ಎರಡು ವಾರ ಅವಳೊಂದಿಗೆ ಬಿಗುವಾಗಿಯೇ ಇದ್ದರು. ಮೂರನೆಯ ವಾರ ಬೇಕರಿಗೆ ಬಂದು ಬನ್ನು ಕೊಂಡು, "ಸಾಕ್ಷಿ ಹೇಳೋಕೆ ಇನ್ಯಾರನ್ನ ಕರೀಲಿ ಅಮ್ಮ?" ಎಂದು ಮೆಲ್ಲಗೆ ಕೇಳಿದರು. ಅವಳು ಆ ಡ್ರೈವರನ ಮನೆಯ ದಾರಿ ಹೇಳಿಕೊಟ್ಟಳು.

ಅವಳ ಪ್ರಶ್ನೆಗಳು ಮಾತ್ರ ಮುಗಿಯಲಿಲ್ಲ. ಬಿಡುವು ಸಿಕ್ಕಾಗಲೆಲ್ಲ ಆಸ್ಪತ್ರೆಯ ಅಡುಗೆಮನೆಗೆ ಹೋಗತೊಡಗಿದಳು. ಒಮ್ಮೆ ದೊಡ್ಡಣ್ಣ ಸಾಕಾಗಿ ಕೇಳಿಯೇಬಿಟ್ಟ:

"ನೀನು ಬರೋದು ನನ್ನ ತಲೆ ತಿನ್ನೋಕೋ, ಹಿಟ್ಟು ನಾದೋಕೋ?"

"ಎರಡಕ್ಕೂ," ಎನ್ನುತ್ತಾ ಬೇಕರಿಯಮ್ಮ ನಲ್ಲಿಯಲ್ಲಿ ಕೈ ತೊಳೆದುಕೊಂಡಳು.