ಎಂಟಿಲ್ಲದ ಸಂಖ್ಯೆ

ಯಮನೂರಿಗೆ ಹೋಗುವ ಹಾದಿಯಲ್ಲಿದ್ದ ನಮ್ಮ ಸಣ್ಣ ಊರಿನ ಶಾಲೆಯಲ್ಲಿ ಹುಲಿಗೆಪ್ಪ ಹನ್ನೊಂದು ವರ್ಷಗಳಿಂದ ಹಂಗಾಮಿ ಸಿಪಾಯಿ. ಕಸ ಗುಡಿಸುವುದು, ನೀರು ತುಂಬುವುದು, ಗಂಟೆ ಹೊಡೆಯುವುದು ಅವನ ಕೆಲಸ. ಬಿಡುವಿನಲ್ಲಿ ಇದ್ದಿಲು ಹಿಡಿದು ಕಟ್ಟೆಯ ಮೇಲೆ ಗುಣಾಕಾರ ಮಾಡುತ್ತ ಕೂಡುವುದು ಅವನ ಚಟ. ಹಾಗೆ ಕೂತಾಗಲೇ ಅವನಿಗೆ ಒಂದು ಸಂಖ್ಯೆ ಸಿಕ್ಕಿತು: 12345679. ಅದರಲ್ಲಿ ಎಂಟಿಲ್ಲ. ಒಂಬತ್ತರಿಂದ ಗುಣಿಸಿದರೆ 111111111. ಹದಿನೆಂಟರಿಂದ ಗುಣಿಸಿದರೆ ಬರೀ ಎರಡುಗಳು.

"ನಿನಗ ಯಾವ ಅಂಕಿ ಸೇರತೈತಿ?" ಎಂದು ಮಕ್ಕಳನ್ನು ಕೇಳುತ್ತಿದ್ದ. ಐದು ಎಂದವರಿಗೆ ನಲವತ್ತೈದರಿಂದ ಗುಣಿಸಲು ಹೇಳುತ್ತಿದ್ದ. ಒಂಬತ್ತು ಐದುಗಳು ಸಾಲಾಗಿ ನಿಲ್ಲುತ್ತಿದ್ದವು. ಮಾಸ್ತರರ ಛಡಿಗೆ ಬಗ್ಗದ ಗುಣಾಕಾರ ಮಕ್ಕಳಿಗೆ ಹೀಗೆ ಬಂತು.

1983ರಲ್ಲಿ ಶಿಕ್ಷಣ ಇಲಾಖೆಯ ಸಾಹೇಬರು ಶಾಲೆಯ ತಪಾಸಣೆಗೆ ಬರುತ್ತಾರೆಂದು ಪತ್ರ ಬಂತು. ಅವರು ಒಳ್ಳೆಯ ಷರಾ ಬರೆದರೆ ಹುಲಿಗೆಪ್ಪನ ನೌಕರಿ ಕಾಯಂ ಆಗುವುದಿತ್ತು. ಹೆಡ್‌ಮಾಸ್ತರ ಮಡಿವಾಳೆಪ್ಪನವರು ಗೋಡೆಗೆ ಸುಣ್ಣ ಹೊಡೆಸಿ, ಅದರ ಮೇಲೆ ಒಂಬತ್ತರಿಂದ ಗುಣಿಸುವ ಆ ಲೆಕ್ಕ ಬರೆಯಲು ಅವನಿಗೇ ಹೇಳಿದರು. ಬರೆದದ್ದನ್ನು ಎರಡು ಸಲ ಓದಿದರು.

"ಎಂಟ ಎಲ್ಲಿ ಹೋತೋ?"

"ಅದರಾಗ ಎಂಟ ಇಲ್ರಿ ಸರ. ಹಾಕಿದ್ರ ಲೆಕ್ಕ ಕೆಡತೈತ್ರಿ."

"ಲೆಕ್ಕ ಕೆಟ್ರ ಕೆಡ್ಲಿ. ಈ ಸಾಲ್ಯಾಗ ಎಂಟ ಕಲಿಸೂದಿಲ್ಲಂತ ಸಾಹೇಬ್ರು ಬರದ್ರ ನನ್ನ ಬಡ್ತಿ ಕೆಡತೈತಿ."

ತಾವೇ ಕುಂಚ ಹಿಡಿದು ಎಂಟನ್ನು ತುರುಕಿದರು. ಪ್ರಾಮಾಣಿಕರಾದ್ದರಿಂದ ಮತ್ತೆ ಗುಣಿಸಿ ಉತ್ತರವನ್ನೂ ತಿದ್ದಿದರು: 1111111101.

ಸಾಹೇಬರು ಬಂದರು. ಗೋಡೆಯ ಮುಂದೆ ನಿಂತರು.

"ಎಲ್ಲಾ ಒಂದ ಅದಾವು, ನಡುವ ಈ ಸೊನ್ನಿ ಯಾಕ್ರಿ ಮಾಸ್ತರ?"

"ಸಿಪಾಯಿ ತಪ್ಪ ಬರದಾನ್ರಿ" ಎಂದರು ಮಡಿವಾಳೆಪ್ಪನವರು.

"ಅಳಸ್ರಿ ಅದನ್ನ. ಚಂದ ಕಾಣೂದಿಲ್ಲ."

ಒದ್ದೆ ಅರಿವೆ ಹುಲಿಗೆಪ್ಪನ ಕೈಗೆ ಬಂತು. ಸಾಹೇಬರು ಷರಾ ಪುಸ್ತಕ ತೆರೆದು ಪೆನ್ನು ಹಿಡಿದು ಕಾದರು. ಹನ್ನೊಂದು ವರ್ಷದ ನೌಕರಿ ಆ ಒಂದು ಸೊನ್ನೆಯ ಮೇಲೆ ನಿಂತಿತ್ತು. ಹುಲಿಗೆಪ್ಪ ಅರಿವೆ ಹಿಡಿದು ಗೋಡೆಯ ಹತ್ತಿರ ಹೋದ.

"ಬರೇ ಸೊನ್ನಿ ಅಳಸಿದ್ರ ಲೆಕ್ಕ ಸುಳ್ಳ ಆಗತೈತ್ರಿ. ಮೊದಲ ಎಂಟ ತಗೀಬೇಕ್ರಿ" ಎಂದು ಎರಡನ್ನೂ ಅಳಿಸಿದ.

"ಎಂಟ ಬ್ಯಾಡೇನ ನಿನಗ?" ಎಂದರು ಸಾಹೇಬರು.

"ಈ ಲೆಕ್ಕಕ್ಕ ಬ್ಯಾಡ್ರಿ. ಗುಣಸಿ ನೋಡ್ರಿ ಬೇಕಾದ್ರ."

ಗುಣಿಸಲು ಸಾಹೇಬರಿಗೆ ಪುರುಸೊತ್ತಿರಲಿಲ್ಲ. ಮಾಸ್ತರರ ಮನೆಯಲ್ಲಿ ರೊಟ್ಟಿ, ಎಣಗಾಯಿ ಆರುತ್ತಿದ್ದವು. ನಿಂತಲ್ಲೇ ಷರಾ ಬರೆದರು: "ಸಿಪಾಯಿಗೆ ಒಂದರಿಂದ ಒಂಬತ್ತರವರೆಗಿನ ಅಂಕಿ ಬಾರದು. ಕಲಿಸಿದ ನಂತರ ಕಾಯಂ ವಿಚಾರ ಮಾಡುವುದು."

ಮಡಿವಾಳೆಪ್ಪನವರು ಷರಾ ಮೀರುವವರಲ್ಲ. ಮರುದಿನದಿಂದ ಹುಲಿಗೆಪ್ಪ ಬೆಳಗಿನ ಗಂಟೆ ಹೊಡೆದು, ಒಂದನೆಯ ಇಯತ್ತೆಯ ಹಿಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಮಕ್ಕಳ ಜೊತೆ ಒಂದು, ಎರಡು ಹೇಳತೊಡಗಿದ. ಎಂಟನ್ನು ಹಾದಿಗೆ ಕೇಳುವಷ್ಟು ಜೋರಾಗಿ ಹೇಳುತ್ತಿದ್ದ.

ಮುಂದಿನ ವರ್ಷ ಬೇರೆ ಸಾಹೇಬರು ಬಂದರು. ಹಳೆಯ ಷರಾ ಓದಿ, ಅವನಿಂದ ಎಣಿಸಿ ಹೇಳಿಸಿ, ತಮ್ಮದನ್ನು ಬರೆದರು: "ಪ್ರಗತಿ ಇದೆ. ಇನ್ನೊಂದು ವರ್ಷ ಕೂಡಿಸಿ ನೋಡುವುದು."