ಅಕ್ಕನ ಮೇಕೆ ಹೊಳೆಗೆ ಬಿದ್ದದ್ದೇಕೆ

ಅವನು ನಮ್ಮ ಮನೆಯ ಬಾಗಿಲು ತಟ್ಟಿದಾಗ ನಾನು ನಿವೃತ್ತನಾಗಿ ಇನ್ನೂ ಒಂದು ತಿಂಗಳಾಗಿರಲಿಲ್ಲ. ಬೀಳ್ಕೊಡುವಾಗ ಶಾಲೆಯವರು ಕೊಟ್ಟಿದ್ದ ಅಗಲವಾದ ಟಿವಿಯ ಮುಂದೆ ಕುಳಿತು ಯಾವುದೋ ಹಳೆಯ ನಾಟಕ ನೋಡುತ್ತಿದ್ದೆ. ಬಾಗಿಲಲ್ಲಿ ನಿಂತವನ ಹೆಗಲಿಗೆ ತಂತಿಯ ಸುರುಳಿ, ಅಂಗಿಯ ಜೇಬಿನಲ್ಲಿ ಮೂರು ಸ್ಕ್ರೂಡ್ರೈವರು, ಮುಖದಲ್ಲಿ ಹಲ್ಲುನೋವಿನವನ ಕಳೆ.

"ಕ್ಷಮಿಸಿ ಸಾರ್, ನಿಮ್ಮ ಪರಿಚಯ ಇಲ್ಲ. ದಿನಾ ಈ ಕಿಟಕಿ ಮುಂದೇನೇ ಓಡಾಡ್ತೀನಿ. ನಾಲ್ಕು ದಿನದಿಂದ ತಡ್ಕೊಂಡಿದ್ದೆ, ಇನ್ನು ಆಗಲ್ಲ. ನಿಮ್ಮ ಟಿವೀಲಿ ಎಲ್ಲರೂ ದಪ್ಪ ಆಗಿದಾರೆ."

"ಹಿಂದಿನ ಕಾಲದವರು, ಚೆನ್ನಾಗಿ ಉಂಡವರು" ಎಂದೆ.

"ಉಂಡಿದ್ದಲ್ಲ ಸಾರ್, ಎಳೆದದ್ದು. ಚೌಕದ ಚಿತ್ರಾನ ಅಗಲದ ಪರದೆಗೆ ಎಳೆದು ಹಾಸಿದೆ. ರಿಮೋಟ್ ಕೊಡಿ."

ಕೊಟ್ಟೆ. ಎರಡು ಸಲ ಗುಂಡಿ ಒತ್ತಿದ. ನಾಟಕದ ರಾಜ ಒಮ್ಮೆಲೇ ಸಣ್ಣಗಾದ. ಪರದೆಯ ಎರಡೂ ಬದಿಗೆ ಕಪ್ಪು ಪಟ್ಟಿ ಬಂದಿತು. ಅಡುಗೆಮನೆಯಿಂದ ಇಣುಕಿದ ನನ್ನ ಹೆಂಡತಿ, "ಅಯ್ಯೋ, ಆ ಕಡೆ ಈ ಕಡೆ ಅಷ್ಟು ಜಾಗ ದಂಡ ಆಯ್ತಲ್ಲ" ಎಂದಳು. ಅವನು ಕಣ್ಣು ಮುಚ್ಚಿ ಉಸಿರೆಳೆದುಕೊಂಡು, "ಅಮ್ಮಾ, ಆ ಜಾಗ ನಿಮ್ಮದಲ್ಲ" ಎಂದ. ಹಣ ಕೊಡಹೋದರೆ ಮುಟ್ಟಲಿಲ್ಲ. ಹೊರಡುವಾಗ ಇನ್ನೊಮ್ಮೆ ಪರದೆಯತ್ತ ತಿರುಗಿ, ಕೈಕಟ್ಟಿ, ತಲೆ ಓರೆ ಮಾಡಿ, "ಸ್ವಲ್ಪ ಮಸುಕು" ಎಂದು ಗೊಣಗಿದ.

ಬೀದಿಯವರು ಅವನಿಗೆ ಮಸುಕಪ್ಪ ಎಂದು ಹೆಸರಿಟ್ಟದ್ದು ಏತಕ್ಕೆಂದು ಆಮೇಲೆ ತಿಳಿಯಿತು. ಯಾವ ಪರದೆಯ ಮುಂದೆ ನಿಲ್ಲಿಸಿದರೂ ಅವನ ಬಾಯಿಂದ ಬರುವ ಮಾತು ಅದೊಂದೇ. ಹೊಸ ಕನ್ನಡಕ ಹಾಕಿಸಿಕೊಂಡಾಗ, ಅಂಗಡಿಯವನು ಹಿಡಿದ ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿ ಸ್ವಲ್ಪ ಮಸುಕು ಎಂದನಂತೆ.

ಅವನ ಅಂಗಡಿ ಬೀದಿಯ ತಿರುವಿನಲ್ಲಿ, ಔಷಧದ ಅಂಗಡಿಗೂ ಬೀಗದ ಅಂಗಡಿಗೂ ನಡುವೆ ಇತ್ತು. ಇಬ್ಬರು ಎದುರುಬದುರಾದರೆ ಒಬ್ಬ ಹಿಂದೆ ನಡೆದು ಹೊರಗೆ ಬರಬೇಕು, ಅಷ್ಟು ಕಿರಿದು. ಮೊದಲು ಟಿವಿ ರಿಪೇರಿ ಮಾಡುತ್ತಿದ್ದ. ಕೆಟ್ಟ ಟಿವಿಯನ್ನು ಜನ ರಿಪೇರಿ ಮಾಡಿಸುವ ಬದಲು ಬಿಸಾಡಲು ತೊಡಗಿದ ಮೇಲೆ ಅವನ ಪಾಲಿಗೆ ಒಂದು ವಿಚಿತ್ರ ಕೆಲಸ ಉಳಿಯಿತು. ನಲವತ್ತು ದಾಟಿದವರು ಅಟ್ಟದ ಮೇಲಿಂದ ತಮ್ಮ ಚಿಕ್ಕಂದಿನ ವಿಡಿಯೋ ಗೇಮ್ ಪೆಟ್ಟಿಗೆ ಇಳಿಸಿ, ಧೂಳೊರೆಸಿ, ಹೊಸ ಟಿವಿಗೆ ಸಿಕ್ಕಿಸುತ್ತಾರೆ. ಚಿತ್ರ ಹತ್ತು ಸಲ ಒಗೆದ ಬಟ್ಟೆಯಂತೆ ಕಾಣುತ್ತದೆ. ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮಸುಕಪ್ಪನ ಬಳಿ ಬರುತ್ತಾರೆ. ಒಮ್ಮೆ ಬಸ್ ಕಂಡಕ್ಟರೊಬ್ಬ ಬಂದು ನಿಂತಿದ್ದ.

"ನಮ್ಮ ಕಾಲದಲ್ಲಿ ಚಿತ್ರ ಕನ್ನಡಿ ಹಾಗಿತ್ತು."

"ನಿಮ್ಮ ಕಾಲದಲ್ಲೂ ಹೀಗೇ ಇತ್ತು. ಟಿವಿ ಚಿಕ್ಕದಿತ್ತು, ನೀವು ದೂರ ಕೂತಿದ್ರಿ."

"ಹಾಗಾದ್ರೆ ದೂರ ಕೂತ್ಕೊಳ್ಳಲಾ?"

"ಎಷ್ಟು ದೂರ ಅಂತ ಕೂತ್ಕೋತೀರಿ. ಪಕ್ಕದ ಮನೇಲಾ?"

ಕಂಡಕ್ಟರ್ ಹೋದ ಮೇಲೆ ನನಗೆ ಪಾಠ ಹೇಳಿದ. "ಈ ಹಳೇ ಪೆಟ್ಟಿಗೆ ಕೊಡೋದು ಇನ್ನೂರ ನಲವತ್ತು ಗೆರೆ ಸಾರ್. ಈಗಿನ ಟಿವಿಗೆ ಬೇಕಾದ್ದು ಎರಡು ಸಾವಿರ ಚಿಲ್ಲರೆ. ಉಳಿದದ್ದನ್ನ ಟಿವಿ ತಾನೇ ಊಹಿಸಿ ತುಂಬ್ತದೆ."

"ಪಾಠ ಓದದೆ ಪರೀಕ್ಷೆಗೆ ಬಂದವರು ಬರೆಯುವ ಹಾಗೆ."

"ಅದೇ. ಪುಟ ತುಂಬಿರ್ತದೆ, ಉತ್ತರ ಇರಲ್ಲ."

ಈ ಹೋಲಿಕೆಯಿಂದ ಅವನಿಗೆ ನನ್ನ ಮೇಲೆ ವಿಶ್ವಾಸ ಹುಟ್ಟಿತು. ನನ್ನ ಕಷ್ಟವೂ ಅಲ್ಲಿಂದಲೇ ಆರಂಭವಾಯಿತು. ತಂತಿ ಬದಲಿಸಿದಾಗಲೆಲ್ಲ ನನ್ನನ್ನು ಕರೆದು ಸ್ಟೂಲಿನ ಮೇಲೆ ಕೂರಿಸುವನು. "ಈಗ ಹೇಗಿದೆ?" ಚೆನ್ನಾಗಿದೆ ಎನ್ನುವೆನು. "ಮೊದಲು?" ಮೊದಲೂ ಚೆನ್ನಾಗಿತ್ತು ಎನ್ನುವೆನು. ಆಗ ಅವನು ನನ್ನನ್ನು ನೋಡುತ್ತಿದ್ದ ನೋಟವನ್ನು ನಾನು ಮೂವತ್ತೈದು ವರ್ಷ ಕಾಲ ಕೊನೆಯ ಬೆಂಚಿನವರಿಗೆ ಉಚಿತವಾಗಿ ಹಂಚಿದವನು. ಅದು ತಿರುಗಿ ನನಗೇ ಬಂದಿತು.

ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವನೂ ಅವನ ಅಕ್ಕನೂ ಇದ್ದರು. ಅಕ್ಕ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ದವಡೆಯಂತೆ ತೆರೆದು ಮುಚ್ಚುವ ಒಂದು ಕಬ್ಬಿಣದ ಯಂತ್ರವಿದೆ. ತೆರೆದಾಗ ರಟ್ಟು ಇಡಬೇಕು. ಮುಚ್ಚುವುದರೊಳಗೆ ಕೈ ಈಚೆ ಬರಬೇಕು. ಇಪ್ಪತ್ತಾರು ವರ್ಷದಿಂದ ಅವಳು ಅದರ ಮುಂದೆ ನಿಂತಿದ್ದಳು. ಅವಳ ಹತ್ತು ಬೆರಳೂ ಹಾಗೆಯೇ ಇದ್ದವು. ಪಕ್ಕದ ಯಂತ್ರದಲ್ಲಿದ್ದವಳ ವಿಷಯದಲ್ಲಿ ಆ ಮಾತು ಹೇಳುವಂತಿರಲಿಲ್ಲ.

ಮೊದಲ ಸಂಬಳದಲ್ಲಿ ಅವಳು ತಮ್ಮನಿಗೆ ಒಂದು ಗೇಮ್ ಪೆಟ್ಟಿಗೆ ತಂದುಕೊಟ್ಟಿದ್ದಳು. ಚಿತ್ರ ಎಲ್ಲಿಂದ ಬರುತ್ತದೆಂದು ನೋಡಲು ಅವನು ಅದೇ ವಾರ ಅದನ್ನು ಬಿಚ್ಚಿದ. ಮರಳಿ ಜೋಡಿಸಿದ ಮೇಲೆ ಅವಳು ಆಡಿದಳು. ಅಂದಿನಿಂದ ಇಂದಿನವರೆಗೂ ಅವನು ಬಿಚ್ಚುವವನು, ಅವಳು ಆಡುವವಳು. ಅವಳಿಗೆ ಬರುತ್ತಿದ್ದುದು ಒಂದೇ ಆಟ. ಹೊಳೆಯ ಮೇಲೆ ಮುರುಕು ಸೇತುವೆ; ಹನ್ನೊಂದು ಹಲಗೆ. ಒಂದು ಬಿಳಿ ಮೇಕೆ ಕಾಲಿಟ್ಟ ಹಲಗೆ ಉದುರುತ್ತದೆ. ಉದುರುವ ಗಳಿಗೆಗೆ ಸರಿಯಾಗಿ ಗುಂಡಿ ಒತ್ತಿ ಮುಂದಿನದಕ್ಕೆ ಹಾರಿಸಬೇಕು. ಕೆಲಸದಿಂದ ಬಂದವಳು ಚಪ್ಪಲಿ ಬಿಟ್ಟು, ಟೀ ಕುದಿಯುವಷ್ಟರಲ್ಲಿ ಮೇಕೆಯನ್ನು ದಡ ಸೇರಿಸುತ್ತಿದ್ದಳು. "ನನ್ನ ಕೈ ಹೇಗಿದೆ ಅಂತ ನೋಡ್ಕೋತೀನಿ ಮೇಷ್ಟ್ರೇ. ಯಂತ್ರದ ಹತ್ರ ನೋಡ್ಕೊಳ್ಳೋಕೆ ಆಗಲ್ವಲ್ಲ."

ಹೋದ ವರ್ಷ ಅವರ ಹಳೆಯ ಡೊಳ್ಳುಹೊಟ್ಟೆಯ ಟಿವಿ ಒಂದು ಚುಕ್ಕೆಯಾಗಿ ಕುಗ್ಗಿ ಆರಿಹೋಯಿತು. ಅಗಲದ ಹೊಸ ಟಿವಿ ಬಂದಿತು. ಊರವರ ಚಿತ್ರವನ್ನೆಲ್ಲ ತಿದ್ದುವವನ ಮನೆಯಲ್ಲೇ ಚಿತ್ರ ಮಸುಕಾದರೆ ಹೇಗೆ? ಮೊದಲಿದ್ದ ಹಳದಿ ಮೂತಿಯ ತಂತಿಯನ್ನು ಕಿತ್ತು ಬದಿಗಿಟ್ಟು, ಕೆಂಪು ಹಸಿರು ನೀಲಿಗಳನ್ನು ಬೇರೆಬೇರೆಯಾಗಿ ಒಯ್ಯುವ ತಂತಿಯನ್ನು ಕೈಯಾರೆ ಬೆಸೆದ. ಹಳೆಯ ಚಿತ್ರವನ್ನು ಹೊಸ ಟಿವಿಯ ಭಾಷೆಗೆ ತಿರುಗಿಸುವ ಅಂಗೈಯಗಲದ ಡಬ್ಬಿಯೊಂದನ್ನು ದೂರದಿಂದ ತರಿಸಿದ. ಅದು ಬರುವವರೆಗೆ ಎರಡು ತಿಂಗಳು ಅಂಚೆಯವನನ್ನು ನೆಮ್ಮದಿಯಿಂದಿರಲು ಬಿಡಲಿಲ್ಲ. ಸಾಲದ್ದಕ್ಕೆ ಟಿವಿಯ ಆಯ್ಕೆಗಳ ಪಟ್ಟಿ ತೆರೆದು ಚಿತ್ರದ ಅಂಚು ಚೂಪು ಮಾಡುವುದು, ಕಲೆ ಅಳಿಸುವುದು, ಓಟ ನಯಗೊಳಿಸುವುದು ಎಂದು ಇದ್ದಬದ್ದದ್ದನ್ನೆಲ್ಲ ಚಾಲೂ ಮಾಡಿದ. ಮೇಕೆಯ ಗಡ್ಡದಲ್ಲಿ ನಾಲ್ಕು ಕೂದಲಿವೆ ಎಂಬುದು ಲೋಕಕ್ಕೆ ತಿಳಿದದ್ದು ಆಗ. ನನ್ನನ್ನು ಕರೆಸಿ ಎಣಿಸಿಯೂ ತೋರಿಸಿದ. ಎಣಿಸಲು ಮೇಕೆ ಅಲುಗಬಾರದಲ್ಲ, ಅದಕ್ಕಾಗಿ ಆಟವನ್ನು ನಿಲ್ಲಿಸಿಯೇ ನೋಡುತ್ತಿದ್ದ. ಗುಂಡಿಯನ್ನು ಅವನ ಬೆರಳು ಮುಟ್ಟಿದ್ದನ್ನು ನಾನು ಕಾಣೆ.

ಮೇಕೆ ಮಾತ್ರ ಹೊಳೆಗೆ ಬೀಳತೊಡಗಿತು. ಮೊದಲು ಒಂಬತ್ತನೆಯ ಹಲಗೆಯಲ್ಲಿ, ಆಮೇಲೆ ಐದರಲ್ಲಿ, ಡಬ್ಬಿ ಬಂದ ಮೇಲೆ ಎರಡರಲ್ಲೇ.

"ಮತ್ತೆ ಬಿತ್ತು ಕಣೋ."

"ಬೀಳಲಿ ಬಿಡು. ಬಿದ್ದಾಗ ನೀರು ನೋಡು, ಒಂದೊಂದು ಹನೀನೂ ಬೇರೆ ಬೇರೆ ಕಾಣ್ತದೆ."

"ಹನಿ ನೋಡೋಕೆ ನಾನು ದಿನಾ ಮೇಕೆ ಸಾಯಿಸ್ಬೇಕಾ?"

ಅವನು ನಕ್ಕ. ಅವಳು ನಗಲಿಲ್ಲ.

ಒಂದು ದಿನ ಅವಳೇ ನಮ್ಮ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತಳು. "ಮೇಷ್ಟ್ರೇ, ನನಗೊಂದು ಕಾಗದ ಬರೆದುಕೊಡಿ. ನನ್ನ ಕೈ ತಡ ಆಗ್ತಿದೆ. ಕಣ್ಣಿಗೆ ಸರಿಯಾಗೇ ಕಾಣ್ತದೆ, ಚಿತ್ರ ಅಷ್ಟು ಚೆನ್ನಾಗಿದೆ. ಕೈಗೆ ಹೇಳಿದ್ದು ಕೈಗೆ ಮುಟ್ಟೋ ಹೊತ್ತಿಗೆ ಮೇಕೆ ನೀರಲ್ಲಿರ್ತದೆ. ಈ ಕೈ ಇಟ್ಕೊಂಡು ಯಂತ್ರದ ಮುಂದೆ ನಿಲ್ಲೋಕೆ ಭಯ. ಎರಡು ತಿಂಗಳಿಂದ ಪ್ರತಿ ಸಲಾನೂ ಸನ್ನೆಗೋಲು ಹಿಡಿದು ಯಂತ್ರ ನಿಲ್ಲಿಸಿ ರಟ್ಟು ಇಡ್ತಿದೀನಿ. ಮೇಲ್ವಿಚಾರಕ ಏನಮ್ಮಾ ಅಂತ ಕೇಳ್ದ. ಅಂಟು ಹಚ್ಚೋ ಮೇಜಿಗೆ ಹಾಕಿ ಅಂತ ಬರೆದುಕೊಡಿ."

ಅಂಟಿನ ಮೇಜು ಕೆಲಸಕ್ಕೆ ಹೊಸದಾಗಿ ಸೇರಿದವರನ್ನು ಕೂರಿಸುವ ಜಾಗ. ತಮ್ಮನಿಗೆ ಹೇಳಿದೆಯಾ ಎಂದೆ. "ಅವನಿಗೇನು ಹೇಳೋದು, ಅವನು ಗಡ್ಡ ಎಣಿಸ್ತಿರ್ತಾನೆ" ಎಂದಳು.

ಬರೆದೆ. ಅರ್ಜಿ ಬರೆಯುವುದರಲ್ಲಿ ನನ್ನದು ಪಳಗಿದ ಕೈ. ಆದರೆ ಆ ಒಂದು ಪುಟಕ್ಕೆ ಮೂರು ದಿನ ಹಿಡಿಯಿತು. ಭಾನುವಾರ ಮಧ್ಯಾಹ್ನ ಸಹಿ ಹಾಕಿಸಲು ಅವರ ಮಹಡಿ ಹತ್ತಿದಾಗ ಮಸುಕಪ್ಪ ಟಿವಿಯ ಹಿಂದೆ ಸೊಂಟದವರೆಗೆ ತೂರಿಕೊಂಡಿದ್ದ. ಇನ್ನೂ ದಪ್ಪನೆಯ ತಂತಿಯೊಂದು ಸಿಕ್ಕಿತ್ತಂತೆ. ಕಾಣುತ್ತಿದ್ದುದು ಕಾಲುಗಳು ಮಾತ್ರ. ಅಕ್ಕ ಗುಂಡಿಯಿರುವ ಹಿಡಿಕೆಯನ್ನು ಕೈಯಲ್ಲಿ ಹಿಡಿದು ಕುಳಿತು, "ಓದಿ ಮೇಷ್ಟ್ರೇ, ಕೇಳಿಸ್ಕೊಂಡೇ ಆಡ್ತೀನಿ" ಎಂದಳು.

"ಮಾನ್ಯರೇ, ಕಳೆದ ಇಪ್ಪತ್ತಾರು ವರ್ಷಗಳಿಂದ ತಮ್ಮ ಕಾರ್ಖಾನೆಯಲ್ಲಿ ದುಡಿಯುತ್ತಿರುವ ನಾನು, ಇತ್ತೀಚೆಗೆ ನನ್ನ ಕೈ ನಿಧಾನವಾಗುತ್ತಿರುವುದನ್ನು ಮನಗಂಡು..."

ಕಾಲುಗಳು ಅಲುಗಾಡುವುದು ನಿಂತಿತು. ನಾನು ಓದುತ್ತಲೇ ಹೋದೆ. ಅರ್ಧ ಪುಟ ಆಗಿರಬಹುದು.

"ಸಾರ್, ಓದೋದು ನಿಲ್ಲಿಸಿ." ಟಿವಿಯ ಹಿಂದಿನಿಂದ ದನಿ ಬಂದಿತು. "ಅಕ್ಕ, ಒತ್ತು."

ಗುಂಡಿ ಟಕ್ ಎಂದಿತು. ಮೇಕೆ ಹಾರುವ ಸದ್ದು ಟಿಣ್ ಎಂದಿತು.

"ಇನ್ನೊಂದ್ಸಲ."

"ಮೇಕೆ ಸತ್ತಿದೆ ಕಣೋ."

"ಸತ್ತದ್ದು ಎದ್ದು ಬರ್ತದೆ, ಒತ್ತು."

ಟಕ್. ಟಿಣ್. ಮೂರನೆಯ ಸಲಕ್ಕೆ ನನಗೂ ಕೇಳಿಸಿತು. ಎರಡರ ನಡುವೆ ಎವೆಯಿಕ್ಕುವಷ್ಟು ಬಿಡುವು ಇತ್ತು. ಪರದೆ ಕಣ್ಣಿಗೆ ಬೀಳದ ಜಾಗದಲ್ಲಿ ಅವನು ಆ ಪೆಟ್ಟಿಗೆಗೆ ಕಿವಿಗೊಟ್ಟದ್ದು ಅದೇ ಮೊದಲಿರಬೇಕು.

ತಲೆಯ ತುಂಬ ಜೇಡನ ಬಲೆ ಹೊತ್ತು ಹೊರಗೆ ಬಂದವನು ಕೆಳಗಿಳಿದು ಹೋದ. ಅಂಗಡಿಯಲ್ಲಿ ಗಿರಾಕಿಗಳು ಕೂರಲು ಪೀಠವಾಗಿದ್ದ ಒಂದು ಹಳೆಯ ಟಿವಿಯನ್ನು ಎದೆಗವಚಿಕೊಂಡು, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ. ನೆಲದ ಮೇಲಿಟ್ಟು ಹಳದಿ ಮೂತಿಯ ತಂತಿಯನ್ನೇ ಸಿಕ್ಕಿಸಿದ. ಚಿತ್ರ ಅಧ್ವಾನವಾಗಿತ್ತು. ಒಂದು ಮೂಲೆ ಪಾಚಿ ಕಟ್ಟಿದಂತೆ ಹಸಿರು. ಗಡ್ಡ ಹಾಗಿರಲಿ, ಮೇಕೆಗೆ ಮುಖವೇ ಇರಲಿಲ್ಲ. ಅವನು ಗೋಡೆಯ ಕಡೆ ತಿರುಗಿ ನಿಂತು, "ಆಡು" ಎಂದ.

ಟಕ್ಕೂ ಟಿಣ್ಣೂ ಒಟ್ಟಿಗೇ ಬಂದವು. ಒಂದು, ಎರಡು, ಐದು, ಒಂಬತ್ತು. ಮೇಕೆ ಹನ್ನೊಂದನೆಯ ಹಲಗೆಯಿಂದ ದಡಕ್ಕೆ ಹಾರಿ ನಿಂತಿತು.

ಅಕ್ಕ ಹಿಡಿಕೆಯನ್ನು ಕೆಳಗಿಟ್ಟು ಎರಡು ಅಂಗೈಗಳನ್ನೂ ತಿರುಗಿಸಿ ನೋಡಿಕೊಂಡಳು.

"ಹಾಗಾದ್ರೆ ನನ್ನ ಕೈಗೆ ಏನೂ ಆಗಿಲ್ಲ."

"ಇಲ್ಲ. ಟಿವಿ ಊಹೆ ಮಾಡೋಕೆ ಹೊತ್ತು ತಗೋತದೆ. ಡಬ್ಬಿ ಇನ್ನಷ್ಟು ತಗೋತದೆ. ನೀನು ನೋಡ್ತಿದ್ದದ್ದು ಆಗಿಹೋದ ಗಳಿಗೆ ಮೇಕೆ."

"ಇದು ಗೊತ್ತಾಗೋಕೆ ನಿನಗೆ ಆರು ತಿಂಗಳು ಬೇಕಾಯ್ತಾ?"

"ಚಿತ್ರ ಚೆನ್ನಾಗಿತ್ತಲ್ಲ ಅಕ್ಕ."

"ನಾಲ್ಕು ಕೂದಲಿಗೆ ನನ್ನನ್ನ ಅಂಟಿನ ಮೇಜಿಗೆ ಕಳಿಸ್ತಿದ್ದೆಯಲ್ಲೋ. ನಾನಲ್ಲಿ ಸನ್ನೆಗೋಲು ಹಿಡ್ಕೊಂಡು ನಿಂತಿದ್ದೆ, ನೀನಿಲ್ಲಿ ಹನಿ ಎಣಿಸ್ತಿದ್ದೆ."

ಅವನು ರಿಮೋಟ್ ತೆಗೆದುಕೊಂಡು ಹೊಸ ಟಿವಿಯ ಪಟ್ಟಿ ತೆರೆದ. ಓಟ ನಯಗೊಳಿಸುವುದನ್ನು ಬಂದ್ ಮಾಡಿದ. ಕಲೆ ಅಳಿಸುವುದನ್ನು ಬಂದ್ ಮಾಡಿದ. ಅಂಚು ಚೂಪು ಮಾಡುವುದರ ಮೇಲೆ ಬಂದಾಗ ಬೆರಳು ಸ್ವಲ್ಪ ತಡೆಯಿತು, ಅಕ್ಕ ಕೆಮ್ಮಿದಳು, ಅದನ್ನೂ ಬಂದ್ ಮಾಡಿದ. ಕೊನೆಗೆ ಡಬ್ಬಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಆ ವಾರವೇ ಅಂಗಡಿಯ ಮೇಜಿನ ಮೇಲೆ ಬೇರೊಂದು ಡಬ್ಬಿಯನ್ನು ತಾನೇ ಕಟ್ಟಿದ. ಅದು ಊಹೆ ಮಾಡುವುದಿಲ್ಲ; ಬಂದ ಗೆರೆಯನ್ನು ಬಂದ ಹಾಗೆಯೇ ದೊಡ್ಡದು ಮಾಡಿ ದಾಟಿಸುತ್ತದೆ. ಮೇಕೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಆದರೆ ಅದು ಹಲಗೆ ತಪ್ಪುವುದಿಲ್ಲ. ಅಕ್ಕ ಒಂದು ವಾರ ದಿನವೂ ದಡ ಸೇರಿಸಿ ನೋಡಿದ ಮೇಲೆಯೇ ಯಂತ್ರದ ಸನ್ನೆಗೋಲಿನಿಂದ ಕೈ ತೆಗೆದಳಂತೆ. ನಾನು ಬರೆದ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಟಿವಿ ಮೇಜಿನ ಕುಂಟುಗಾಲಿನ ಕೆಳಗೆ ಇಟ್ಟಳು. ಅದರಲ್ಲಿ ಎರಡು ವಾಕ್ಯ ಬಹಳ ಚೆನ್ನಾಗಿ ಬಂದಿದ್ದವು, ಇರಲಿ.

ಮಸುಕಪ್ಪ ಈಗಲೂ ಅದೇ ಕಿರಿದಾದ ಅಂಗಡಿಯಲ್ಲಿದ್ದಾನೆ. ಪೆಟ್ಟಿಗೆ ತಂದವರಿಗೆ ಮೊದಲು, "ಇದನ್ನ ಆಡೋರು ಯಾರು? ಅವರನ್ನ ಕರ್ಕೊಂಡು ಬನ್ನಿ" ಎನ್ನುತ್ತಾನೆ. ಕಂಡಕ್ಟರ್ ಇದಕ್ಕೂ ಜಗಳವಾಡಿ, ಕೊನೆಗೆ ಹೆಂಡತಿಯನ್ನು ಕರೆತಂದ. ಯಾರೂ ಸಿಗದಿದ್ದರೆ ನನಗೆ ಕರೆ ಬರುತ್ತದೆ. ಸ್ಟೂಲಿನ ಮೇಲೆ ಕುಳಿತು, ಹೆಸರೂ ತಿಳಿಯದ ಆಟಗಳ ಗುಂಡಿಯನ್ನು ಅವನು ಹೇಳಿದಾಗಲೆಲ್ಲ ನಾನು ಒತ್ತಬೇಕು. ಅವನು ಪರದೆಗೆ ಬೆನ್ನು ಹಾಕಿ, ಗೋಡೆಗೆ ಹಣೆ ಆನಿಸಿ ಕೇಳುತ್ತಾನೆ. ಟಕ್ಕೂ ಟಿಣ್ಣೂ ಕೂಡಿಬರುವವರೆಗೆ ತಿರುಗುವುದಿಲ್ಲ. ಕೆಲವೊಮ್ಮೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ನನ್ನ ಹೆಬ್ಬೆರಳು ಊದಿಕೊಂಡಿದೆ. ಕೂಡಿಬಂದ ಮೇಲೆ ತಿರುಗಿ, ಕೈಕಟ್ಟಿ, ತಲೆ ಓರೆ ಮಾಡಿ ಚಿತ್ರ ನೋಡುತ್ತಾನೆ. "ಸ್ವಲ್ಪ ಮಸುಕು" ಎನ್ನುತ್ತಾನೆ. ಮೇಲಿನ ಕೋಣೆಯಿಂದ ಅಕ್ಕ ಕಾಲಿನಿಂದ ನೆಲವನ್ನು ಒಮ್ಮೆ ಗುದ್ದುತ್ತಾಳೆ. ಅವನು ಸ್ಕ್ರೂಡ್ರೈವರನ್ನು ಜೇಬಿಗೆ ಸಿಕ್ಕಿಸಿ ಪೆಟ್ಟಿಗೆಯ ಮುಚ್ಚಳ ಹಾಕುತ್ತಾನೆ.