ಒಗ್ಗರಣೆಗಾಗಿ ತೆರೆದ ಕಿಟಕಿ

ಜನವರಿಯ ಒಂದು ಭಾನುವಾರ, ಬೆಳಗ್ಗೆ ಏಳು ಗಂಟೆ. ಜರ್ಮನಿಯ ನ್ಯೂರೆಂಬರ್ಗಿನ ಹಳೆಯ ಕಾರ್ಖಾನೆಯ ಮೇಲ್ಮಹಡಿಯಲ್ಲಿ ನಮ್ಮ ಕನ್ನಡ ಸಂಘದ ಬಾಡಿಗೆ ಹಾಲ್. ಹಾಜರಿದ್ದವರು ನಾನು ಮತ್ತು ಸಂಕ್ರಾಂತಿ ಊಟದ ಹೊಣೆ ಹೊತ್ತ ಉಡುಪಿಯ ಹುಡುಗಿ. ಹುಡುಗಿ ಎಂದರೂ ಎರಡು ಮಕ್ಕಳ ತಾಯಿ.

ಹಾಲಿನ ಕೀಲಿ ನನ್ನ ಬಳಿ ಇರುತ್ತದೆ. ಮಂಗಳೂರಿನ ಕಾನ್ವೆಂಟಿನಲ್ಲಿ ಗಂಟೆ ಬಾರಿಸಿದಾಗ ಎದ್ದು, ಗಂಟೆ ಬಾರಿಸಿದಾಗ ಮಲಗಿ ಬೆಳೆದೆ. ಇಲ್ಲಿ ಆಸ್ಪತ್ರೆಯ ನರ್ಸಾಗಿ ನಿವೃತ್ತಳಾದೆ. ಬಾಗಿಲು ತೆರೆದ ಕೂಡಲೇ, ಕೋಟು ಕಳಚುವ ಮೊದಲು, ಅಡುಗೆಮನೆಯ ಹಿಂದಿನ ಇಕ್ಕಟ್ಟಾದ ಒಳ ಓಣಿಯ ಥರ್ಮಾಮೀಟರ್ ನೋಡುವುದು ನನ್ನ ಪದ್ಧತಿ. ಸ್ಪ್ರಿಂಕ್ಲರ್ ಪೈಪು ಆ ಓಣಿಯ ಗೋಡೆ ಹಿಡಿದು ಹೋಗುತ್ತದೆ. ಬೆಂಕಿ ಬಿದ್ದರೆ ತಾನಾಗಿ ನೀರು ಸುರಿಯಬೇಕಲ್ಲ, ಅದಕ್ಕೆ ಪೈಪಿನಲ್ಲಿ ಸದಾ ನೀರು ತುಂಬಿರುತ್ತದೆ. ಆ ನೀರು ಹೆಪ್ಪುಗಟ್ಟಿದರೆ ಹಿಗ್ಗಿ ಪೈಪನ್ನೇ ಸೀಳಬಹುದು. ಚಳಿಗಾಲದಲ್ಲಿ ಓಣಿಯ ಹೀಟರ್ ಆರಿಸಬಾರದು, ಕಿಟಕಿ ತೆರೆದಿಡಬಾರದು. ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಕೀಲಿ ಕೊಡುವಾಗ ಒತ್ತಿ ಹೇಳಿದ್ದು ಇದನ್ನೇ.

ಅಂದು ಕಿಟಕಿ ಪೂರ್ತಿ ತೆರೆದಿತ್ತು. ಥರ್ಮಾಮೀಟರ್ ಸೊನ್ನೆಗಿಂತ ಕೆಳಗೆ. ಪೈಪಿನ ಮೇಲೆ ಬೆರಳಾಡಿಸಿದರೆ ಹಿಮದ ಪುಡಿ.

“ಅಯ್ಯೋ, ನಾನೇ ತೆಗ್ದದ್ದು ಆಂಟಿ. ನಿನ್ನೆ ನಿಮ್ಮತ್ರ ಕೀಲಿ ತಕೊಂಡು ಬಂದು ಪುಳಿಯೋಗರೆ ಗೊಜ್ಜಿಗೆ ಒಗ್ಗರಣೆ ಹಾಕಿದ್ನಲ್ಲ, ಇಂಗಿನ ವಾಸನೆ ಹೋಗ್ಲಿ ಅಂತ. ಮುಚ್ಲಿಕ್ಕೆ ಮರ್ತೇ ಹೋಯ್ತು.”

ಅವಳನ್ನು ಬೈಯಲಾಗಲಿಲ್ಲ. ಹಿಂದಿನ ಹಾಲ್ ನಮ್ಮ ಕೈತಪ್ಪಿದ್ದೇ ಒಗ್ಗರಣೆಯ ವಾಸನೆಯಿಂದ. ಇಲ್ಲಿಗೆ ಬಂದ ಹೊಸಬರಿಗೆ ನಾವು ಹಳಬರು ಹೇಳಿಕೊಡುವ ಮೊದಲ ಪಾಠವೂ ಅದೇ: ಸಾಸಿವೆ ಸಿಡಿಯುವ ಮೊದಲು ಕಿಟಕಿ ತೆರೆ, ಕೋಟುಗಳನ್ನು ಬೇರೆ ಕೋಣೆಗೆ ಸಾಗಿಸು. ಮೈನಸ್ ಚಳಿಯಲ್ಲೂ ಕೈ ತಾನಾಗಿ ಕಿಟಕಿಯ ಹಿಡಿಗೆ ಹೋಗುತ್ತದೆ.

“ಹೀಟರ್ ಜೋರು ಮಾಡುವ. ಹೇರ್ ಡ್ರೈಯರ್ ತರ್ತೇನೆ. ಜನ ಬರುವಷ್ಟರಲ್ಲಿ ಕರಗ್ತದೆ. ಹೌಸ್‌ಮೈಸ್ಟರ್‌ಗೆ ಯಾಕೆ ಹೇಳುದು? ಈ ಹಾಲೂ ಹೋದ್ರೆ ಮಕ್ಳ ಕನ್ನಡ ಕ್ಲಾಸ್ ಎಲ್ಲಿ ಮಾಡುದು?”

“ಕರಗಿದ ಮೇಲೆ ಅಲ್ವಾ ಸೋರುದು? ಕೆಳಗೆ ಎಂತ ಉಂಟು?”

“ಬುಕ್ ಬೈಂಡಿಂಗ್ ವರ್ಕ್‌ಶಾಪ್.”

“ಹಾಗಾದ್ರೆ ಫೋನ್ ಕೊಡು.”

“ಒಳ್ಳೆ ವಾರ್ಡ್ ಸಿಸ್ಟರ್ ಮಾರಾಯ್ರೆ ನೀವು! ಪೇಷಂಟ್ ಸತ್ರೂ ಚಾರ್ಟ್ ಸರಿ ಇರ್ಬೇಕು ನಿಮ್ಗೆ.”

“ಸಾಯದೆ ಇರ್ಲಿ ಅಂತಲೇ ಚಾರ್ಟ್ ಬರೆಯುದು.”

ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ; ಹಾಲ್ ಕೈತಪ್ಪುವ ಭಯ ನನಗೂ ಇತ್ತು. ಮಕ್ಕಳು ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಜರ್ಮನ್‌ನಲ್ಲಿ ಉತ್ತರಿಸುತ್ತಾರೆ. ಈ ಹಾಲಿನಲ್ಲಿ ಮಾತ್ರ ಒಬ್ಬರೊಂದಿಗೊಬ್ಬರು ಕನ್ನಡದಲ್ಲಿ ಜಗಳವಾಡುತ್ತಾರೆ.

ಹೌಸ್‌ಮೈಸ್ಟರ್ ಬಂದವರೇ ಪೈಪಿನ ವಾಲ್ವ್ ಮುಚ್ಚಿದರು. ವ್ಯವಸ್ಥೆ ಸ್ಥಗಿತವಾಗಿದೆ ಎಂದು ಅಗ್ನಿಶಾಮಕದವರಿಗೆ ತಿಳಿಸಿದರು. ಹೀಟರನ್ನು ಸಣ್ಣಗಿಟ್ಟು, ನಿಧಾನವಾಗಿಯೇ ಕರಗಬೇಕು ಎಂದರು. ಅಲ್ಲಿಯವರೆಗೆ ಒಲೆ ಹಚ್ಚುವಂತಿಲ್ಲ. ಆಮೇಲೆ, ಇಂಥ ಚಳಿಯಲ್ಲಿ ಕಿಟಕಿ ಯಾಕೆ ತೆರೆದಿರಿ ಎಂದು ಕೇಳಿದರು. ಅವಳು ತಲೆ ತಗ್ಗಿಸಿ ಜರ್ಮನ್‌ನಲ್ಲಿ ವಾಸನೆಯ ವಿಷಯ ಹೇಳಿದಳು.

“ಅಡುಗೆಮನೆಯಲ್ಲಿ ಫ್ಯಾನ್ ಇದೆಯಲ್ಲ,” ಎಂದರು ಅವರು. “ವಾಸನೆ ಬಂದರೆ ಯಾರೂ ಕೆಳಗೆ ಬಕೆಟ್ ಇಡಬೇಕಾಗಿಲ್ಲ, ಪೈಪು ಒಡೆದರೆ ಇಡಬೇಕು.”

ಹಾಲ್ ನಮಗೆ ಉಳಿಯುತ್ತದೋ ಇಲ್ಲವೋ ಗೊತ್ತಾಗಲಿಲ್ಲ.

ಸಿಹಿ ಪೊಂಗಲ್ ಕೈಬಿಟ್ಟೆವು. ಪ್ರತಿ ಮನೆಯವರೂ ಅನ್ನ ಮಾಡಿ ತಂದರು. ಒಂದೇ ಗೊಜ್ಜಿಗೆ ಕುಚ್ಚಲಕ್ಕಿ, ಸೋನಾ ಮಸೂರಿ, ಬಾಸ್ಮತಿ ಎಲ್ಲ ಬೆರೆತವು. ಎಳ್ಳುಬೆಲ್ಲ ಹಂಚುವಾಗಲೂ ಅವಳ ಕಣ್ಣು ಓಣಿಯ ಬಾಗಿಲ ಮೇಲೆಯೇ.

ಮಧ್ಯಾಹ್ನ ಹೌಸ್‌ಮೈಸ್ಟರ್ ವಾಲ್ವನ್ನು ಸ್ವಲ್ಪವೇ ತಿರುಗಿಸಿದರು. ಒಂದು ಜೋಡಣೆಯಲ್ಲಿ ನೀರು ಹನಿಯಿತು. ತಕ್ಷಣ ಮುಚ್ಚಿ ಮೆಕ್ಯಾನಿಕ್‌ನನ್ನು ಕರೆಸಿದರು. ಜೋಡಣೆ ಬದಲಾಯಿಸಿ ಮತ್ತೆ ನೀರು ಬಿಟ್ಟಾಗ ಪೈಪು ಒಣಗಿಯೇ ಉಳಿಯಿತು. ಹೌಸ್‌ಮೈಸ್ಟರ್ ಕೈ ಒರೆಸಿಕೊಂಡು ನನ್ನತ್ತ ತಿರುಗಿದರು.

“ಶನಿವಾರ ಮಕ್ಕಳ ಕ್ಲಾಸ್ ಇದೆ ತಾನೆ? ಹೀಟರ್ ಹೀಗೇ ಇರಲಿ.”

ಅವಳು ಅವರ ಸ್ಕ್ರೂಡ್ರೈವರ್ ಕೇಳಿ ಪಡೆದು, ಓಣಿಯ ಕಿಟಕಿಯ ಹಿಡಿಯನ್ನೇ ಬಿಚ್ಚಿ ನನ್ನ ಕೈಗಿಟ್ಟಳು.

“ಇನ್ನು ಮರ್ತು ತೆಗಿಲಿಕ್ಕೂ ಆಗುದಿಲ್ಲ.”

ಅದನ್ನು ಕೀಲಿಗೊಂಚಲಿಗೆ ದಾರದಿಂದ ಕಟ್ಟಿದೆ. ಥರ್ಮಾಮೀಟರನ್ನು ಇನ್ನೊಮ್ಮೆ ನೋಡಿ, ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿದೆ.